ಊರಿನ ಹಾಡು ಊರಿಗೆ ಮರಳುವಾಗ

ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಮಂಟೇಸ್ವಾಮಿ ಕಾವ್ಯದ ಮೇಲೆ ಉಪನ್ಯಾಸ ಕೊಡಲು ಹೋಗುವ ವಿದ್ವಾಂಸರಿಗೆ ಒಂದು ಪೇಚಿದೆ. ಕೇಳಲು ಕೂತವರಲ್ಲಿ ಅನೇಕರಿಗೆ ಆ ಕತೆ ಭಾಷಣಕಾರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ತಂಬೂರಿ, ಡಕ್ಕೆ, ಗಗ್ಗರಗಳ ದನಿಯೊಡನೆ ನೀಲಗಾರರು ರಾತ್ರಿಯಿಡೀ ಹಾಡುವುದನ್ನು ಚಿಕ್ಕಂದಿನಿಂದ ಕೇಳಿದವರು ಅವರು. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋದ ಸಾಲಿನಲ್ಲಿ ಯಾವುದರ ಮುಂದೆ ಯಾವುದು ಬರಬೇಕೆಂಬುದು ಅವರಿಗೆ ಬಾಯಿಪಾಠ. (‘ಸಾಲು’ ಎಂದರೆ ಇಲ್ಲಿ ಒಂದು ಪಂಕ್ತಿಯಲ್ಲ, ಕಾವ್ಯದ ಒಂದು ಇಡೀ ಭಾಗ.)

ವಿಶ್ವವಿದ್ಯಾನಿಲಯದ ವಿದ್ಯೆ ಜನರ ಬಳಿಗೆ ಹೋಗಬೇಕೆಂಬ ಆಸೆ ಹಳೆಯದು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಅವು ಚಿಕ್ಕ ಪುಸ್ತಕಗಳಾಗಿ ಅಚ್ಚಾದವು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು. ಇದೆಲ್ಲ ಬಲ್ಲವರು ಅರಿಯದವರಿಗೆ ತಿಳಿಸುವ ಕ್ರಮ. ಜಾನಪದದ ಅಧ್ಯಯನ ಬಲಿತಂತೆ ದಿಕ್ಕು ಬದಲಾಯಿತು. ಜೀ.ಶಂ. ಪರಮಶಿವಯ್ಯನವರಂಥವರು ಹಳ್ಳಿಗೆ ಹೋದದ್ದು ಹೇಳುವುದಕ್ಕಲ್ಲ, ಕೇಳುವುದಕ್ಕೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿ ಪ್ರಕಟವಾಯಿತು. 1997ರವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದ ಈ ಸೀಮೆ ವಿದ್ವಾಂಸರಿಗೆ ಕಣಜವಾಯಿತು.

ಕೇಳಿದ್ದಾಯಿತು, ಬರೆದದ್ದಾಯಿತು. ಬರೆದದ್ದು ಹೋದದ್ದೆಲ್ಲಿಗೆ? ಬಹುಪಾಲು ಎಂ.ಎ. ತರಗತಿಗೆ, ಗ್ರಂಥಾಲಯದ ಕಪಾಟಿಗೆ. ಹಾಡಿದವರು ‘ವಕ್ತೃ’ ಎಂಬ ಹೆಸರಿನಲ್ಲಿ ಅನುಬಂಧದ ಮೂಲೆ ಸೇರುವುದು ರೂಢಿ. ಅದು ಮೆಲ್ಲಗೆ ಸಡಿಲುತ್ತಿದೆ. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೆ ಬಂದಾಗ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದೆಂಬ ಮಾತೂ ಅದರೊಂದಿಗೆ ಬಂತು. ಸಣ್ಣ ಸಂಗತಿಯೆನಿಸಬಹುದು, ಕಾವ್ಯ ಯಾರದೆಂಬ ಪ್ರಶ್ನೆಗೆ ಅದು ಉತ್ತರದ ಮೊದಲ ತುಣುಕು.

ಅಚ್ಚಿನ ಪುಟಕ್ಕೆ ಸಿಗದ್ದೂ ಉಂಟು. ಹಿಮ್ಮೇಳದವರು ಹಿಡಿಯುವ ಸೊಲ್ಲು ಪುಸ್ತಕದಲ್ಲಿ ಬರಿಯ ಪುನರುಕ್ತಿಯಂತೆ ಕಾಣುತ್ತದೆ. ಮುಮ್ಮೇಳದವನಿಗೆ ಉಸಿರು ಕೊಡುವುದೇ ಅದು. ವೇದಿಕೆಗೂ ಅದರದೇ ಬೆಲೆ ತೆರಬೇಕು. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಈ ಕಾವ್ಯವನ್ನು ನಾಟಕದ ಪ್ರೇಕ್ಷಕರ ಮುಂದಿಟ್ಟಿತು. ಯಾವ ಸಂಶೋಧನ ಪ್ರಬಂಧಕ್ಕೂ ದಕ್ಕದ ಓಟ ಅದು. ಆದರೆ ಕಂಸಾಳೆಯ ಗತಿ ನೋಡಿ: ಉತ್ಸವಗಳ ಹತ್ತು ನಿಮಿಷದಲ್ಲಿ ಕುಣಿತದ ಕಸರತ್ತು ಉಳಿದು ಮಾದಪ್ಪನ ಕತೆ ಕಳಚಿಬಿದ್ದಿದೆ. ದೀಕ್ಷೆ ಪಡೆದ ದೇವರಗುಡ್ಡನಿಗೆ ಅದು ಕಲೆಗಿಂತ ಮೊದಲು ಹರಕೆ.

ನಿಜವಾದ ಪರೀಕ್ಷೆ ಸಂಕಮ್ಮನ ಸಾಲಿನಲ್ಲಿದೆ. ಕಾಡಿಗೆ ಹೊರಟ ಗಂಡ ಶೀಲದ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ, ಅವನು ಕೊಡುವ ಹಿಂಸೆಯಿಂದ ಮಾದಪ್ಪ ಅವಳನ್ನು ಪಾರುಮಾಡುತ್ತಾನೆ. ವಿಚಾರಸಂಕಿರಣದಲ್ಲಿ ಇದು ಹೆಣ್ಣಿನ ಪ್ರತಿಭಟನೆಯ ಒಂದು ಓದು. ಸಂಕಮ್ಮನ ಮಗ ಕಾರಯ್ಯನನ್ನು ತಮ್ಮ ಮೂಲಪುರುಷನೆನ್ನುವ ಸೋಲಿಗರ ಪೋಡಿನಲ್ಲಿ ಅದೇ ಮಾತು ಮನೆಯ ಹಿರಿಯಳ ಬಗೆಗಿನ ಮಾತು. ಸಿದ್ದಪ್ಪಾಜಿಯನ್ನು ಕಾಡಿದವರೆಂದು ಕಾವ್ಯ ಹೇಳುವ ಹಲಗೂರಿನ ಪಾಂಚಾಳರ ವಂಶಸ್ಥರೂ ಸಭೆಯಲ್ಲಿರಬಹುದು. ಹಾಗೆಂದು ವಿದ್ವಾಂಸ ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಆಡಿದ ಮಾತಿಗೆ ಅಲ್ಲೇ ಜವಾಬು ಕೊಡಬೇಕು, ಅಷ್ಟೆ. ತರಗತಿಯಲ್ಲಿ ಈ ಕಷ್ಟ ಒದಗುವುದು ಕಡಿಮೆ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಭಾಷಣಕಾರನ ಪಕ್ಕದಲ್ಲೇ ನೀಲಗಾರರಿಗೂ ಜಾಗವಿರಲಿ. ಅರ್ಧ ಗಂಟೆ ಮಾತು, ಆಮೇಲೆ ಒಂದು ಸಾಲು ಹಾಡು, ಮತ್ತೆ ಮಾತು. ಧ್ವನಿಮುದ್ರಣದ ಪ್ರತಿ ಹಾಡಿದವರ ಮನೆಗೂ ಹೋಗಲಿ. ಮೊಬೈಲು ಬಂದ ಮೇಲೆ ಅದಕ್ಕೆ ಖರ್ಚಿನ ನೆಪವಿಲ್ಲ. ಬಾನದ ಹುಣ್ಣಿಮೆಗೆ ಆರಂಭವಾಗುವ ಚಿಕ್ಕಲ್ಲೂರು ಜಾತ್ರೆ ಐದು ದಿನದ್ದು. ಕೇಳುಗರನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ. ಮಾತಿನ ನಡುವೆ ಯಾರಾದರೂ ಎದ್ದು ‘ನಮ್ ಕಡೆ ಹಂಗಲ್ಲ ಸ್ವಾಮಿ’ ಎಂದರೆ ಅದನ್ನೂ ಬರೆದುಕೊಳ್ಳಬೇಕು. ಪುಸ್ತಕದ ಮುಂದಿನ ಮುದ್ರಣಕ್ಕೆ ಬೇಕಾಗುತ್ತದೆ.