ಬಯಲ ಗಿಡ ಗೋಡೆಯ ಮರೆಗೆ: ಮನೆಯೊಳಗಿನ ಗಾಂಜಾ ಕೃಷಿಯ ವಿಜ್ಞಾನ ಮತ್ತು ಕಾನೂನು

ಗಾಂಜಾ ಸ್ವಭಾವತಃ ಬಯಲಿನ ಗಿಡ. ಹಿಮಾಲಯದ ತಪ್ಪಲಿನಲ್ಲಿ ರಸ್ತೆಯ ಬದಿಯಲ್ಲೂ ತಿಪ್ಪೆಯ ಮಗ್ಗುಲಲ್ಲೂ ಯಾರ ಆರೈಕೆಯೂ ಇಲ್ಲದೆ ಆಳೆತ್ತರಕ್ಕೆ ಬೆಳೆದು, ಬಿಸಿಲನ್ನು ಹೀರಿ, ಗಾಳಿಯ ಮೂಲಕವೇ ಪರಾಗಸ್ಪರ್ಶ ಪಡೆದು, ಬೀಜ ಕಟ್ಟಿ ಒಂದೇ ವರ್ಷದಲ್ಲಿ ಬದುಕು ಮುಗಿಸುವ ಈ ಸಸ್ಯವು ಕಳೆದ ಅರ್ಧ ಶತಮಾನದಲ್ಲಿ ಅಮೆರಿಕ, ಕೆನಡಾ ಮತ್ತು ಯುರೋಪಿನ ಮನೆಗಳ ನೆಲಮಾಳಿಗೆ, ಅಟ್ಟ, ಕಪಾಟುಗಳನ್ನು ಸೇರಿಕೊಂಡಿದೆ. ಹಾಗೆ ಒಳಗೆ ಬಂದದ್ದರಿಂದ ಗಿಡಕ್ಕೆ ವಿಶೇಷ ಲಾಭವೇನೂ ಇಲ್ಲ. ಅದನ್ನು ಒಳಕ್ಕೆ ಅಟ್ಟಿದ್ದು ಕಾನೂನು. ಗಿಡದ ಒಂದು ಜೈವಿಕ ಗುಣ ಆ ವಲಸೆಯನ್ನು ಸಾಧ್ಯಗೊಳಿಸಿತು, ವಿದ್ಯುತ್ತು ಅದರ ಬೆಲೆಯನ್ನು ತೆತ್ತಿತು, ಮನೆಯ ಗೋಡೆಯ ಹಿಂದೆ ಪ್ರಭುತ್ವದ ಅಧಿಕಾರ ಎಷ್ಟು ದೂರ ಚಾಚಬಹುದು ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳು ಬಿಡಿಸಬೇಕಾಯಿತು.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಕ್ಯಾನಬಿಸ್ ಸಟೈವ ಎಂದು ಹೆಸರಿಟ್ಟರೆ, ಫ್ರಾನ್ಸಿನ ಲಮಾರ್ಕ್ 1785ರಲ್ಲಿ ಭಾರತದಿಂದ ಹೋದ ಮಾದರಿಗಳನ್ನು ಆಧರಿಸಿ ಕ್ಯಾನಬಿಸ್ ಇಂಡಿಕ ಎಂಬ ಇನ್ನೊಂದು ಹೆಸರನ್ನು ಕೊಟ್ಟನು. ಇದರಲ್ಲಿ ಗಂಡು ಮತ್ತು ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಗಿಡಗಳಲ್ಲಿ ಅರಳುತ್ತವೆ. ಹೆಣ್ಣು ಹೂಗೊಂಚಲನ್ನು ಭೂತಗನ್ನಡಿಯಲ್ಲಿ ನೋಡಿದರೆ, ಹೂವನ್ನು ಸುತ್ತಿಕೊಂಡ ಪುಟ್ಟ ಎಲೆಗಳ ಮೇಲೆ ಗಾಜಿನ ಕಡ್ಡಿಯ ತುದಿಗೆ ಹನಿ ನಿಂತಂತೆ ಕಾಣುವ ಅಸಂಖ್ಯ ರೋಮಗಳಿರುತ್ತವೆ. ಗಿಡದ ಅಂಟುರಾಳವೆಲ್ಲ ಮುಖ್ಯವಾಗಿ ತಯಾರಾಗುವುದು ಈ ಗ್ರಂಥಿರೋಮಗಳಲ್ಲಿ. ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ರಾಸಾಯನಿಕದ ರಚನೆಯನ್ನು ಇಸ್ರೇಲಿನ ಗಾವೋನಿ ಮತ್ತು ಮೆಶೂಲಂ 1964ರಲ್ಲಿ ಬಿಡಿಸಿ ತೋರಿಸಿದರು. ಹಸಿ ಗಿಡದಲ್ಲಿ ಅದು ಬಹುಮಟ್ಟಿಗೆ ಅಮಲೇರಿಸದ ಆಮ್ಲದ ರೂಪದಲ್ಲಿದ್ದು, ಕಾವು ತಗುಲಿದಾಗ ಟಿಎಚ್‌ಸಿಯಾಗಿ ಮಾರ್ಪಡುತ್ತದೆ.

ಹೆಣ್ಣು ಹೂವಿಗೆ ಪರಾಗ ಸೋಕದಿದ್ದರೆ ಗಿಡದ ಶಕ್ತಿ ಬೀಜಕ್ಕೆ ಹೋಗದೆ ಹೂವು ಮತ್ತು ರಾಳದಲ್ಲೇ ಉಳಿಯುತ್ತದೆ ಎಂಬುದನ್ನು ಇಂದಿನ ಒಳಾಂಗಣ ಬೆಳೆಗಾರರು ಹೊಸದಾಗಿ ಕಂಡುಕೊಂಡದ್ದಲ್ಲ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಭಾರತೀಯ ಗಾಂಜಾ ಆಯೋಗವು ತನ್ನ ಸುದೀರ್ಘ ವರದಿಯಲ್ಲಿ ದಾಖಲಿಸಿರುವಂತೆ, ಈಗ ಬಾಂಗ್ಲಾದೇಶದಲ್ಲಿರುವ ನೌಗಾಂವ್ ಸೀಮೆಯ ರೈತರು ಹೂ ಬಿಡುವ ಹೊತ್ತಿಗೆ ಪೋದ್ದಾರನೆಂಬ ಪರಿಣತನನ್ನು ಹೊಲಕ್ಕೆ ಕರೆಸುತ್ತಿದ್ದರು. ಅವನು ಸಾಲು ಸಾಲಾಗಿ ನಡೆದು ಗಂಡು ಗಿಡಗಳನ್ನು ಗುರುತಿಸಿ ಕೀಳಿಸುತ್ತಿದ್ದನು. ಲೈಸೆನ್ಸು ಮತ್ತು ಸುಂಕದ ಕಟ್ಟುಪಾಡಿಗೆ ಒಳಪಟ್ಟು ಬಯಲಿನಲ್ಲೇ ನಡೆಯುತ್ತಿದ್ದ ಆ ಕೃಷಿಯಲ್ಲಿ ಪರಾಗವನ್ನು ದೂರವಿಡಲು ಒಬ್ಬ ತಜ್ಞನ ಕಣ್ಣು ಬೇಕಿತ್ತು. ಮುಚ್ಚಿದ ಕೋಣೆಯಲ್ಲಿ ಆ ಕೆಲಸದ ಬಹುಪಾಲನ್ನು ಗೋಡೆಯೇ ಮಾಡುತ್ತದೆ.

ಸೂರ್ಯನನ್ನು ಕಾಣದ ಕೋಣೆಯಲ್ಲಿ ಗಿಡ ಹೂ ಬಿಡಲು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಇದೇ ಗಿಡದ ಅಧ್ಯಯನದಿಂದ. ಫ್ರಾನ್ಸಿನ ಜೂಲಿಯನ್ ಟೂರ್ನ್ವಾ ಎಂಬ ಸಂಶೋಧಕನು ಗಾಂಜಾ ಮತ್ತು ಅದರ ಹತ್ತಿರದ ಸಂಬಂಧಿಯಾದ ಹಾಪ್ಸ್ ಬಳ್ಳಿಯನ್ನು ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬೆಳೆಸಿದಾಗ, ಅವು ಇನ್ನೂ ಎಳೆಯ ಸಸಿಗಳಾಗಿರುವಾಗಲೇ ಹೂ ಬಿಟ್ಟದ್ದನ್ನು ಗಮನಿಸಿದನು. ಹಗಲು ಕುಗ್ಗಿದ್ದಕ್ಕಿಂತ ರಾತ್ರಿ ಹಿಗ್ಗಿದ್ದೇ ಇದಕ್ಕೆ ಕಾರಣವೆಂದು 1914ರಲ್ಲಿ ಬರೆದನು. ಅವನು ಮೊದಲ ಮಹಾಯುದ್ಧದಲ್ಲಿ ಮಡಿದದ್ದರಿಂದ ಆ ಕೆಲಸ ಅಲ್ಲಿಗೇ ನಿಂತಿತು. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಹೊಗೆಸೊಪ್ಪು ಹಾಗೂ ಸೋಯಾ ಗಿಡಗಳ ಮೇಲೆ ಪ್ರಯೋಗ ನಡೆಸಿ 1920ರಲ್ಲಿ ಈ ಗುಣಕ್ಕೆ ಫೋಟೊಪೀರಿಯಾಡಿಸಂ, ಅಂದರೆ ಬೆಳಕು–ಕತ್ತಲೆಯ ಅವಧಿಗೆ ಗಿಡ ಸ್ಪಂದಿಸುವ ಗುಣ, ಎಂದು ಹೆಸರಿಟ್ಟರು. ಚಿಕ್ಕಬಳ್ಳಾಪುರದ ಕಡೆಯ ಸೇವಂತಿಗೆ ತೋಟಗಳಲ್ಲಿ ರಾತ್ರಿ ಸಾಲಾಗಿ ಬಲ್ಬು ಉರಿಸುವುದರ ಹಿಂದೆ ಇರುವುದೂ ಇದೇ ತತ್ತ್ವ: ನೀಳವಾದ ಕತ್ತಲೆಯನ್ನು ಬೆಳಕಿನಿಂದ ತುಂಡರಿಸಿದರೆ ಗಿಡ ಬೇಗ ಮೊಗ್ಗಿಗೆ ತಿರುಗದೆ ಎತ್ತರವಾಗಿ ಬೆಳೆಯುತ್ತದೆ. ಸೇವಂತಿಗೆಯಂತೆ ಗಾಂಜಾದ ಹೆಚ್ಚಿನ ತಳಿಗಳೂ ರಾತ್ರಿಯ ಉದ್ದವನ್ನು ಅಳೆದು ಹೂ ಬಿಡುವಂಥವು. ಹೀಗಾಗಿ ದೀಪದ ಸ್ವಿಚ್ಚು ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಋತುವೂ ಇರುತ್ತದೆ. ಶರತ್ಕಾಲದ ಚಳಿ ಮಳೆಯಲ್ಲಿ ಹೂಗೊಂಚಲು ಬೂಷ್ಟು ಹಿಡಿದು ಹಾಳಾಗುವ ಉತ್ತರದ ದೇಶಗಳಲ್ಲಿ ಈ ಅನುಕೂಲಕ್ಕೆ ಹೆಚ್ಚಿನ ಬೆಲೆ ಬಂತು.

ಆದರೂ ಅನುಕೂಲವೊಂದೇ ಗಿಡವನ್ನು ಒಳಗೆ ತರಲಿಲ್ಲ. ಅಮೆರಿಕದಲ್ಲಿ ಗಾಂಜಾದ ಬಹುಭಾಗ ಮೆಕ್ಸಿಕೊ ಮತ್ತು ಕೊಲಂಬಿಯಾಗಳಿಂದ ಬರುತ್ತಿದ್ದ ಕಾಲದಲ್ಲಿ, 1970ರ ದಶಕದ ಉತ್ತರಾರ್ಧದಲ್ಲಿ ಮೆಕ್ಸಿಕೊದ ಹೊಲಗಳಿಗೆ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಸಿಂಪಡಿಸಲಾಯಿತು. ವಿಷದ ಭಯದಿಂದ ಗಿರಾಕಿಗಳು ಸ್ಥಳೀಯ ಬೆಳೆಯ ಕಡೆ ತಿರುಗಿದರು. ಕ್ಯಾಲಿಫೋರ್ನಿಯದ ಉತ್ತರ ಭಾಗದ ಗುಡ್ಡಗಳಲ್ಲಿ ಆ ಬೆಳೆ ಹಬ್ಬಿದಾಗ 1983ರಲ್ಲಿ ಹೆಲಿಕಾಪ್ಟರುಗಳನ್ನು ಬಳಸಿ ಗಿಡಗಳನ್ನು ಹುಡುಕಿ ಕಿತ್ತೊಗೆಯುವ ‘ಕ್ಯಾಂಪ್’ ಎಂಬ ಕಾರ್ಯಾಚರಣೆ ಆರಂಭವಾಯಿತು. ಆಕಾಶದಿಂದ ಕಾಣುವ ಹೊಲ ಅಪಾಯಕಾರಿಯಾಯಿತು, ಚಾವಣಿಯ ಕೆಳಗಿನ ಕೋಣೆ ಸುರಕ್ಷಿತವೆನಿಸಿತು. ಜಾಗ ಕಿರಿದಾದಷ್ಟೂ ಕುಳ್ಳಗಿನ, ಬೇಗ ಹೂ ಬಿಡುವ, ತೂಕಕ್ಕೆ ಹೋಲಿಸಿದರೆ ಹೆಚ್ಚು ಅಮಲಿನ ತಳಿಗಳಿಗೆ ಬೇಡಿಕೆ ಬಂತು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಸರಾಸರಿ ಶೇ. 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ. 12ರಷ್ಟಾಯಿತು. ಈ ಏರಿಕೆಗೆ ಇತರ ಕಾರಣಗಳೂ ಇವೆಯಾದರೂ ಬೀಜವಿಲ್ಲದ ಹೂವಿನ ಕೃಷಿ ಅವುಗಳಲ್ಲಿ ಪ್ರಮುಖವಾದದ್ದು. ಅಮಲಿನ ಪ್ರಮಾಣ ಹೆಚ್ಚಿರುವ ಗಾಂಜಾವನ್ನು ನಿತ್ಯ ಸೇವಿಸುವವರಲ್ಲಿ ಚಿತ್ತವಿಕಲತೆಯ ಸಂಭವ ಹೆಚ್ಚು ಎಂದು ಯುರೋಪಿನ ಹಲವು ನಗರಗಳಲ್ಲಿ ನಡೆದ ಅಧ್ಯಯನ ತೋರಿಸಿದೆ; ಮಿದುಳು ಇನ್ನೂ ಬೆಳೆಯುತ್ತಿರುವ ಹದಿಹರೆಯದವರಿಗೆ ಅಪಾಯ ಇನ್ನೂ ಹೆಚ್ಚು. ಹೊರಗಿನ ಬೆಳೆಯನ್ನು ತಡೆಯಲು ಹೊರಟ ಕ್ರಮವು ಒಳಗಿನ ಬೆಳೆಯನ್ನು ಇನ್ನಷ್ಟು ಪ್ರಬಲಗೊಳಿಸಿತು ಎನ್ನುವುದು ಈ ಇತಿಹಾಸದ ವಿಪರ್ಯಾಸ.

ಸೂರ್ಯ ಪುಕ್ಕಟೆಯಾಗಿ ಕೊಡುವುದನ್ನೆಲ್ಲ ಕೋಣೆಯಲ್ಲಿ ಮೀಟರು ಓಡಿಸಿಯೇ ಪಡೆಯಬೇಕು. ಅಮೆರಿಕದ ಇಂಧನ ತಜ್ಞ ಇವಾನ್ ಮಿಲ್ಸ್ 2012ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಕೋಣೆಗಳ ಬೆಳಕು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ಬೆಳಕಿಗೆ ಸಮವೆಂದು ಹೇಳಿ, ಇಡೀ ದೇಶದ ವಿದ್ಯುತ್ ಬಳಕೆಯಲ್ಲಿ ಸುಮಾರು ಶೇ. 1ರಷ್ಟು ಒಳಾಂಗಣ ಗಾಂಜಾಕ್ಕೆ ವ್ಯಯವಾಗುತ್ತಿದೆಯೆಂದು ಅಂದಾಜು ಮಾಡಿದನು. ದೀಪ ಬಿಸಿಯನ್ನು ಹೊಮ್ಮಿಸುತ್ತದೆ, ಬಿಸಿಯನ್ನು ತಗ್ಗಿಸಲು ಏಸಿ ಬೇಕು, ಗಿಡಗಳು ಹೊರಬಿಡುವ ನೀರಾವಿಯನ್ನು ಹೀರಲು ಮತ್ತೊಂದು ಯಂತ್ರ ಬೇಕು. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಖರ್ಚು ಬರುತ್ತದೆ. ಕೊಲರಾಡೊ ವಿಶ್ವವಿದ್ಯಾಲಯವೊಂದರ ಸಂಶೋಧಕರು 2021ರಲ್ಲಿ ಲೆಕ್ಕ ಹಾಕಿದಂತೆ, ವಾಣಿಜ್ಯ ಕಟ್ಟಡಗಳೊಳಗೆ ಒಂದು ಕಿಲೋ ಒಣಹೂವನ್ನು ಬೆಳೆಯುವುದಕ್ಕೆ ಪ್ರದೇಶದ ಹವೆಯನ್ನೂ ವಿದ್ಯುತ್ ಮೂಲವನ್ನೂ ಅವಲಂಬಿಸಿ 2,283ರಿಂದ 5,184 ಕಿಲೋದಷ್ಟು ಇಂಗಾಲದ ಡೈಆಕ್ಸೈಡಿಗೆ ಸಮನಾದ ಹಸಿರುಮನೆ ಅನಿಲಗಳು ವಾತಾವರಣವನ್ನು ಸೇರುತ್ತವೆ. ಮನೆಗಳ ಮಟ್ಟದಲ್ಲಿ ಸಮಸ್ಯೆಗಳ ರೂಪ ಬೇರೆ. ವೈರಿಂಗ್ ತಾಳದಷ್ಟು ಭಾರ ಬಿದ್ದು ಬೆಂಕಿ ಹತ್ತುವುದು, ತೇವಕ್ಕೆ ಗೋಡೆ ಬೂಷ್ಟು ಹಿಡಿಯುವುದು, ಹೂವಿನ ಟರ್ಪೀನ್ ಮತ್ತು ಗಂಧಕಯುಕ್ತ ಸಂಯುಕ್ತಗಳ ಗಾಢ ವಾಸನೆ ಪಕ್ಕದ ಮನೆಯವರನ್ನು ಕಾಡುವುದು ಅಲ್ಲಿ ಸಾಮಾನ್ಯ ದೂರುಗಳು. ಗೋಡೆ ಗಿಡವನ್ನು ಮರೆಮಾಡಬಲ್ಲದು, ಶಾಖವನ್ನೂ ವಾಸನೆಯನ್ನೂ ವಿದ್ಯುತ್ ಬಿಲ್ಲನ್ನೂ ಮರೆಮಾಡಲಾರದು.

ಸೋರಿ ಬಂದ ಈ ಶಾಖವೇ ಒಂದು ಪ್ರಸಿದ್ಧ ತೀರ್ಪಿಗೆ ಕಾರಣವಾಯಿತು. 1992ರಲ್ಲಿ ಒರೆಗಾನ್ ರಾಜ್ಯದ ಫ್ಲಾರೆನ್ಸ್ ಎಂಬಲ್ಲಿ ಅಧಿಕಾರಿಗಳು ರಸ್ತೆಯಲ್ಲಿ ವಾಹನದೊಳಗೆ ಕುಳಿತು, ಶಾಖವನ್ನು ಚಿತ್ರವಾಗಿ ತೋರಿಸುವ ಉಪಕರಣವನ್ನು ಕೈಲೋ ಎಂಬವನ ಮನೆಯತ್ತ ಹಿಡಿದರು; ಗ್ಯಾರೇಜಿನ ಚಾವಣಿ ಮತ್ತು ಒಂದು ಗೋಡೆ ಉಳಿದ ಭಾಗಕ್ಕಿಂತ ಬಿಸಿಯಾಗಿದ್ದವು; ಅದನ್ನೂ ಆಧಾರವಾಗಿಸಿ ವಾರಂಟು ಪಡೆದು ಒಳಹೊಕ್ಕಾಗ ನೂರಕ್ಕೂ ಹೆಚ್ಚು ಗಿಡಗಳು ಸಿಕ್ಕವು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಸಾರ್ವಜನಿಕರ ಬಳಕೆಯಲ್ಲಿಲ್ಲದ ತಂತ್ರಜ್ಞಾನದಿಂದ ಮನೆಯೊಳಗಿನ ವಿವರಗಳನ್ನು ಅರಿಯುವುದು ಶೋಧವೇ ಆಗಿದ್ದು, ಅದಕ್ಕೆ ಮೊದಲೇ ವಾರಂಟು ಬೇಕೆಂದು ಹೇಳಿತು. ಆದರೆ ಅದೇ ನ್ಯಾಯಾಲಯವು 2005ರ ರೈಚ್ ಮೊಕದ್ದಮೆಯಲ್ಲಿ, ಕ್ಯಾಲಿಫೋರ್ನಿಯದ ಕಾನೂನಿನಂತೆ ರೋಗಿಯೊಬ್ಬಳು ಔಷಧಕ್ಕೆಂದು ಬೆಳೆದ 6 ಗಿಡಗಳನ್ನೂ ನಿಷೇಧಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ ಎಂದು ತೀರ್ಮಾನಿಸಿತು. ಮನೆಯೊಳಗಿನ ಸಣ್ಣ ಬೆಳೆಗಳೂ ಒಟ್ಟಾಗಿ ರಾಜ್ಯ ರಾಜ್ಯಗಳ ನಡುವಿನ ಮಾರುಕಟ್ಟೆಯನ್ನು ಬಾಧಿಸಬಲ್ಲವು ಎಂಬುದು ಅದರ ವಾದ. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ ಬೇರೆಯ ದಾರಿ ಹಿಡಿದು, ವಯಸ್ಕರು ಖಾಸಗಿಯಾಗಿ ತಮ್ಮ ಬಳಕೆಗಷ್ಟೇ ಗಾಂಜಾ ಬೆಳೆಯುವುದನ್ನು ಅಪರಾಧವೆನ್ನುವುದು ಖಾಸಗಿತನದ ಹಕ್ಕಿಗೆ ವಿರುದ್ಧವೆಂದು 2018ರಲ್ಲಿ ಸಾರಿತು.

ಶಾಸನದ ಮೂಲಕ ಅನುಮತಿ ಕೊಟ್ಟ ದೇಶಗಳು ಗಿಡಗಳನ್ನು ಎಣಿಸುವ ಕ್ರಮವನ್ನು ಅನುಸರಿಸಿವೆ. ಉರುಗ್ವೆ 2013ರ ಕಾನೂನಿನಲ್ಲಿ ಮನೆಯೊಂದಕ್ಕೆ 6 ಹೆಣ್ಣು ಗಿಡಗಳನ್ನೂ ವರ್ಷಕ್ಕೆ 480 ಗ್ರಾಂ ಫಸಲನ್ನೂ ಮಿತಿಯಾಗಿಟ್ಟಿತು. ಕೆನಡಾ 2018ರಲ್ಲಿ ಮನೆಯೊಂದಕ್ಕೆ 4 ಗಿಡಗಳೆಂದಿತಾದರೂ ಕ್ವಿಬೆಕ್ ಪ್ರಾಂತ್ಯ ಅದನ್ನು ತನ್ನಲ್ಲಿ ನಿಷೇಧಿಸಿತು, ಆ ನಿಷೇಧವನ್ನು ಕೆನಡಾದ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾನೂನು ಇವುಗಳಲ್ಲಿ ಹೆಚ್ಚು ವಿವರವಾದದ್ದು: ಕನಿಷ್ಠ 6 ತಿಂಗಳಿಂದ ಅಲ್ಲಿ ವಾಸವಿರುವ ವಯಸ್ಕರು ತಲಾ 3 ಗಿಡಗಳನ್ನು ಬೆಳೆಯಬಹುದು, ಮನೆಯಲ್ಲಿ 50 ಗ್ರಾಂ ಒಣಗಾಂಜಾ ಇಟ್ಟುಕೊಳ್ಳಬಹುದು, ಆದರೆ ಫಸಲನ್ನು ಮಾರುವುದಿರಲಿ, ಸ್ನೇಹಿತರಿಗೆ ಪುಕ್ಕಟೆ ಕೊಡುವಂತೆಯೂ ಇಲ್ಲ, ಗಿಡಗಳು ಮಕ್ಕಳ ಕೈಗೆ ಸಿಗಬಾರದು, ನೆರೆಯವರಿಗೆ ವಿಪರೀತ ಕಿರುಕುಳವಾಗಬಾರದು. ಕಳ್ಳಮಾರುಕಟ್ಟೆಯ ಗಿರಾಕಿಗಳನ್ನು ಕಡಿಮೆ ಮಾಡುವುದು ಇದರ ಉದ್ದೇಶವಾದರೂ, ಪೊಲೀಸರು ಪ್ರತಿ ಮನೆಯ ಕುಂಡಗಳನ್ನು ಎಣಿಸಲಾರರು ಎಂಬ ಆಕ್ಷೇಪಕ್ಕೆ ಪೂರ್ಣ ಉತ್ತರ ಇನ್ನೂ ಸಿಕ್ಕಿಲ್ಲ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ವಯಸ್ಕರು ಅಂಗಡಿಯಿಂದ ಗಾಂಜಾ ಕೊಳ್ಳಬಹುದು, ಮೋಜಿಗೆಂದು ಮನೆಯಲ್ಲಿ ಬೆಳೆಯುವಂತಿಲ್ಲ. ಅದಲ್ಲದೆ, ಕೇಂದ್ರ ಕಾನೂನಿನಲ್ಲಿ ಅದು ಇನ್ನೂ ನಿಯಂತ್ರಿತ ಮಾದಕವಸ್ತುವಾಗಿರುವುದರಿಂದ ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲೆ ಇರುವವರಿಗೆ ರಾಜ್ಯದ ಅನುಮತಿ ರಕ್ಷಣೆಯಾಗುವುದಿಲ್ಲ.

ಭಾರತದ ಕಾನೂನು ಗಿಡ ಎಲ್ಲಿದೆ ಎಂಬುದಕ್ಕೆ ಬೆಲೆ ಕೊಡುವುದಿಲ್ಲ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಗಳಿಲ್ಲದ ಎಲೆ ಮತ್ತು ಬೀಜಗಳು ಆ ವ್ಯಾಖ್ಯೆಗೆ ಬರುವುದಿಲ್ಲ, ಆದ್ದರಿಂದಲೇ ಕೆಲವು ರಾಜ್ಯಗಳಲ್ಲಿ ಭಂಗಿ ಸೊಪ್ಪು ಅಬಕಾರಿ ನಿಯಮಗಳಡಿ ಮಾರಾಟವಾಗುತ್ತದೆ. ಆದರೆ ಕೃಷಿಯ ಮಾತು ಬಂದಾಗ ಈ ವಿನಾಯಿತಿ ನೆರವಿಗೆ ಬರುವುದಿಲ್ಲ. ಕ್ಯಾನಬಿಸ್ ಕುಲದ ಯಾವ ಗಿಡವೇ ಇರಲಿ, ಅದು ಹೂ ಬಿಟ್ಟಿರಲಿ ಬಿಡದಿರಲಿ, ಹೊಲದಲ್ಲಿರಲಿ ಹೂಕುಂಡದಲ್ಲಿರಲಿ, ಲೈಸೆನ್ಸಿಲ್ಲದೆ ಬೆಳೆದರೆ 20ನೆಯ ಸೆಕ್ಷನ್ನಿನಡಿ 10 ವರ್ಷದವರೆಗೆ ಕಠಿಣ ಸಜೆ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತನ್ನ ಕಟ್ಟಡವನ್ನು ಇಂಥ ಅಪರಾಧಕ್ಕೆ ತಿಳಿದೂ ಬಳಸಲು ಬಿಟ್ಟ ಮಾಲೀಕನನ್ನು 25ನೆಯ ಸೆಕ್ಷನ್ ಶಿಕ್ಷಿಸುತ್ತದೆ. ಬಾಡಿಗೆಗೆ ಮನೆ ಕೊಡುವವರು ಇದನ್ನು ಗಮನಿಸಬೇಕು. ಅಧಿಕಾರ ಪಡೆದ ಅಧಿಕಾರಿಯು ಮಾಹಿತಿಯನ್ನು ಬರಹದಲ್ಲಿ ದಾಖಲಿಸಿ ಹಗಲಿನಲ್ಲಿ ವಾರಂಟಿಲ್ಲದೆಯೇ ಕಟ್ಟಡವನ್ನು ಶೋಧಿಸಲು 42ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. ಅಮೆರಿಕದ ಕೈಲೋ ತೀರ್ಪು ಗೋಡೆಗೆ ಕೊಟ್ಟ ಮಹತ್ವ ಇಲ್ಲಿ ಅದಕ್ಕಿಲ್ಲ. ನಾರು, ಬೀಜ ಮತ್ತು ತೋಟಗಾರಿಕೆಯ ಉದ್ದೇಶಕ್ಕೆ ಸರ್ಕಾರ ಅನುಮತಿ ಕೊಡಲು ಕಾಯ್ದೆಯಲ್ಲಿ ದಾರಿಯಿದೆ. ಉತ್ತರಾಖಂಡವು ಅಮಲಿಲ್ಲದ ಕೈಗಾರಿಕಾ ತಳಿಗೆ 2018ರಲ್ಲಿ ಅಂಥ ಅನುಮತಿ ಕೊಟ್ಟಿತು. ಅದಕ್ಕೂ ಮನೆಯೊಳಗೆ ಸ್ವಂತ ಬಳಕೆಗೆ ಬೆಳೆಯುವುದಕ್ಕೂ ಸಂಬಂಧವಿಲ್ಲ.

ಬೆಂಗಳೂರಿನ ಪೊಲೀಸ್ ಮತ್ತು ಕಸ್ಟಮ್ಸ್ ಪ್ರಕಟಣೆಗಳಲ್ಲಿ ಈಚೆಗೆ ‘ಹೈಡ್ರೊ ಗಾಂಜಾ’ ಎಂಬ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಮಣ್ಣಿಲ್ಲದೆ ಪೋಷಕಾಂಶಭರಿತ ನೀರಿನಲ್ಲಿ ಬೇರು ಬಿಡಿಸುವ ಹೈಡ್ರೊಪೋನಿಕ್ಸ್ ವಿಧಾನದಿಂದ ಬಂದ ಈ ಹೆಸರು, ಬಳಕೆಯಲ್ಲಿ ಒಳಾಂಗಣದ ಎಲ್ಲ ಬಗೆಯ ಬೆಳೆಗೂ ಅನ್ವಯವಾಗಿದೆ. 2022ರ ಜೂನ್‌ನಲ್ಲಿ ಗಾಂಜಾವನ್ನು ನಿಷೇಧಿತ ಪಟ್ಟಿಯಿಂದ ತೆಗೆದ ಥಾಯ್ಲೆಂಡ್ 2025ರಲ್ಲಿ ಅದನ್ನು ವೈದ್ಯರ ಚೀಟಿಗೆ ಕಟ್ಟಿಹಾಕಿತು; ಈ ನಡುವೆ ಬ್ಯಾಂಕಾಕಿನಿಂದ ಬಂದವರ ಸೂಟ್‌ಕೇಸುಗಳಲ್ಲಿ ಈ ಸರಕು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹಲವು ಬಾರಿ ಸಿಕ್ಕಿಬಿದ್ದಿದೆ. ಒಂದು ದೇಶದ ಕಾನೂನು ಸಡಿಲವಾದಾಗ ಅಲ್ಲಿನ ಬೆಳೆ ಇನ್ನೊಂದು ದೇಶದ ಬಾಗಿಲಿಗೆ ಬರುತ್ತದೆ, ಆದರೆ ಅಲ್ಲಿನ ಅನುಮತಿ ಅದರ ಜೊತೆಗೆ ಬರುವುದಿಲ್ಲ. ಬರ್ಲಿನ್ನಿನಲ್ಲಿ ನಿಯಮಗಳನ್ನು ಪಾಲಿಸಿ ಬೆಳೆಯಬಹುದಾದ ಅದೇ 3 ಗಿಡಗಳಿಗೆ ಬೆಂಗಳೂರಿನಲ್ಲಿ 10 ವರ್ಷದ ಸಜೆಯಾಗಬಹುದು.

ಈ ಇಡೀ ಚರಿತ್ರೆಯಲ್ಲಿ ನಿಷೇಧಕ್ಕೂ ಅನುಮತಿಗೂ ಸಮಾನವಾದ ಒಂದು ಪಾಠವಿದೆ. ನಿಷೇಧವು ಗಿಡವನ್ನು ಅಳಿಸದೆ ಅದರ ಜಾಗವನ್ನು ಬದಲಿಸಿತು, ಅದರ ಅಮಲನ್ನು ಏರಿಸಿತು. ಅನುಮತಿಯೂ ತನ್ನಷ್ಟಕ್ಕೆ ತಾನೇ ಕಳ್ಳಮಾರುಕಟ್ಟೆಯನ್ನು ಮುಚ್ಚಿಸಿಲ್ಲ, ಒಳಾಂಗಣ ಕೃಷಿ ನುಂಗುವ ವಿದ್ಯುತ್ತನ್ನು ಉಳಿಸಿಲ್ಲ. ಭಾರತದಲ್ಲಿ ಈ ಚರ್ಚೆ ಮುಂದೆಂದಾದರೂ ಶಾಸನಸಭೆಯ ಮುಂದೆ ಬಂದರೆ, ಗಿಡ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕಿಂತ ಮೊದಲು, ರೂಪಿಸಿದ ನಿಯಮ ಗಿಡವನ್ನು ಎಲ್ಲಿಗೆ ಕಳಿಸುತ್ತದೆ, ಎಂಥ ತಳಿಗೆ ಮಾರುಕಟ್ಟೆ ಒದಗಿಸುತ್ತದೆ, ಅದರ ಹೊರೆ ಯಾರ ಮಕ್ಕಳ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.