ಹೇಳಿಕೊಳ್ಳಲಾಗದ ಕಾಯಿಲೆಗೆ ಹೇಳಿಕೊಳ್ಳಬಲ್ಲ ವೈದ್ಯರು: ಪುರುಷರ ಚುಚ್ಚುಮದ್ದು ಚಿಕಿತ್ಸೆ ಮತ್ತು ಗಡಿನಾಡು

ಗಡಿನಾಡಿನ ಆಸ್ಪತ್ರೆಗಳಲ್ಲಿ ಕನ್ನಡವೊಂದನ್ನೇ ಬಲ್ಲ ಹಿರಿಯರು ವೈದ್ಯರ ಮುಂದೆ ಒಬ್ಬರೇ ಕುಳಿತುಕೊಳ್ಳುವುದು ಅಪರೂಪ. ಮಗನೋ ಸೊಸೆಯೋ ಶಾಲೆಗೆ ಹೋಗುವ ಮೊಮ್ಮಗಳೋ ಪಕ್ಕದಲ್ಲಿರುತ್ತಾರೆ. ಅವರು ಹೇಳಿದ್ದನ್ನು ಮರಾಠಿಗೋ ಮಲಯಾಳಕ್ಕೋ ತೆಲುಗಿಗೋ ತಿರುಗಿಸಿ, ವೈದ್ಯರು ಹೇಳಿದ್ದನ್ನು ಮರಳಿ ಕನ್ನಡಕ್ಕೆ ತರುತ್ತಾರೆ. ಮೊಣಕಾಲು ನೋವಿಗೆ, ಕೆಮ್ಮಿಗೆ, ಸಕ್ಕರೆ ಕಾಯಿಲೆಗೆ ಈ ಏರ್ಪಾಡು ಹೇಗೋ ಸಾಕಾಗುತ್ತದೆ. ಆದರೆ ನಿಮಿರು ದೌರ್ಬಲ್ಯವನ್ನು ಸೊಸೆಯ ಬಾಯಿಂದ ಹೇಳಿಸುವುದಾದರೂ ಹೇಗೆ? ಹೇಳುವುದೇ ಇಲ್ಲ. ವರ್ಷಗಟ್ಟಲೆ ನುಂಗಿಕೊಂಡು, ಕಡೆಗೆ ಬಸ್ ನಿಲ್ದಾಣದ ಗೋಡೆಯ ಮೇಲಿನ 'ಗುಪ್ತರೋಗ' ಭಿತ್ತಿಪತ್ರದ ಮೊರೆಹೋಗುತ್ತಾರೆ. ಈ ಲೇಖನವನ್ನು ಅಂಥವರಿಗಾಗಿ, ಅವರ ಪತ್ನಿಯರಿಗಾಗಿಯೂ, ಬರೆಯುತ್ತಿದ್ದೇವೆ.

ನಿಮಿರು ದೌರ್ಬಲ್ಯಕ್ಕೆ ಮೊದಲು ಕೊಡುವುದು ಸಿಲ್ಡೆನಾಫಿಲ್ ಬಗೆಯ ಮಾತ್ರೆ. ಹಲವರಿಗೆ ಅದರಲ್ಲಿಯೇ ಗುಣ ಕಾಣುತ್ತದೆ. ಆದರೆ ಈ ಮಾತ್ರೆ ಕೆಲಸ ಮಾಡಬೇಕಾದರೆ ನರಗಳಿಂದ ಸಂಕೇತ ಬರಬೇಕು. ದೀರ್ಘಕಾಲದ ಮಧುಮೇಹದಿಂದ ನರ ಸವೆದವರಲ್ಲಿ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾದವರಲ್ಲಿ, ಬೆನ್ನುಹುರಿಯ ಗಾಯವಾದವರಲ್ಲಿ ಆ ಸಂಕೇತವೇ ಕ್ಷೀಣವಾಗಿರುತ್ತದೆ. ಇನ್ನು ಎದೆನೋವಿಗಾಗಿ ನೈಟ್ರೇಟ್ ಮಾತ್ರೆ ಸೇವಿಸುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು. ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಇಂಥ ಸಂದರ್ಭಗಳಲ್ಲಿ ತಜ್ಞರು ಪರಿಶೀಲಿಸುವ ದಾರಿಗಳಲ್ಲಿ ಒಂದು, ಶಿಶ್ನದ ಪಾರ್ಶ್ವಕ್ಕೆ ಸಣ್ಣ ಸೂಜಿಯಿಂದ ರೋಗಿಯೇ ಕೊಟ್ಟುಕೊಳ್ಳುವ ಚುಚ್ಚುಮದ್ದು. ಅದು ರಕ್ತನಾಳಗಳ ಸ್ನಾಯುವನ್ನು ನೇರವಾಗಿ ಸಡಿಲಿಸಿ ರಕ್ತ ತುಂಬಿಕೊಳ್ಳುವಂತೆ ಮಾಡುತ್ತದೆ. ನರದ ಅಪ್ಪಣೆಗೆ ಕಾಯುವುದಿಲ್ಲ. ಪರಿಣಾಮ 5ರಿಂದ 20 ನಿಮಿಷಗಳೊಳಗೆ ತೋರುತ್ತದೆ.

ಇದು ಮಾತ್ರೆಗಿಂತ ಹಳೆಯ ಚಿಕಿತ್ಸೆ. 1982ರಲ್ಲಿ ಪ್ಯಾರಿಸ್ಸಿನ ರೊನಾಲ್ಡ್ ವಿರಾಗ್ ಪಪಾವೆರಿನ್ ಔಷಧದ ಈ ಗುಣವನ್ನು ವರದಿ ಮಾಡಿದರು. ಮರುವರ್ಷ ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ ಲಾಸ್ ವೇಗಸ್‌ನ ವೈದ್ಯರ ಸಮ್ಮೇಳನಕ್ಕೆ ತಾವೇ ಚುಚ್ಚಿಕೊಂಡು ಬಂದು, ತುಂಬಿದ ಸಭೆಗೆ ಫಲಿತಾಂಶವನ್ನು ಪ್ರತ್ಯಕ್ಷ ತೋರಿಸಿದರು. (ವಿಜ್ಞಾನಿಗಳ ಸಂಕೋಚಹೀನತೆಯಲ್ಲಿ ಹತ್ತರಲ್ಲೊಂದು ಪಾಲು ನಮ್ಮ ರೋಗಿಗಳಿಗಿದ್ದರೂ ಸಾಕಿತ್ತು.) 1995ರಲ್ಲಿ ಅಮೆರಿಕವು ಅಲ್‌ಪ್ರೊಸ್ಟಡಿಲ್ ಔಷಧವನ್ನು ಈ ಉಪಯೋಗಕ್ಕೆ ಅನುಮೋದಿಸಿತು. ಸಿಲ್ಡೆನಾಫಿಲ್ ಬಂದದ್ದು 1998ರಲ್ಲಿ.

ಹಾಗಾದರೆ ಯಾರ ಬಳಿ ಹೋಗಬೇಕು? ಮೊದಲ ಭೇಟಿ ಊರಿನ ಎಂಬಿಬಿಎಸ್ ವೈದ್ಯರದ್ದೇ ಆಗಲಿ. ಸಕ್ಕರೆ, ರಕ್ತದೊತ್ತಡ, ಕೊಬ್ಬಿನಂಶ, ಬೆಳಗಿನ ಹೊತ್ತಿನ ಟೆಸ್ಟೊಸ್ಟೆರಾನ್ ಪರೀಕ್ಷೆಗಳು ಆಗಲೇಬೇಕು. ನಿಮಿರು ದೌರ್ಬಲ್ಯವು ಎಷ್ಟೋ ಸಲ ಹೃದ್ರೋಗಕ್ಕಿಂತ ಮೊದಲು ಬರುವ ಮುನ್ಸೂಚನೆ. ಗೋಡೆಬರಹದ ವೈದ್ಯರು ಎಂದೂ ಹೇಳದ ಮಾತಿದು. ಲೈಂಗಿಕ ಶಕ್ತಿವರ್ಧನೆಯ ಔಷಧಗಳ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ಜಾಹೀರಾತು ಹಾಕಿದ್ದಾರೆ ಎಂಬುದೇ ಅಲ್ಲಿಗೆ ಹೋಗದಿರಲು ಸಾಕಾದ ಕಾರಣ.

ಚುಚ್ಚುಮದ್ದನ್ನು ಬರೆದುಕೊಡಬೇಕಾದವರು ಯೂರಾಲಜಿಸ್ಟ್, ಅಂದರೆ ಶಸ್ತ್ರಚಿಕಿತ್ಸಾ ಪದವಿಯ ನಂತರ ಮೂತ್ರಾಂಗ ವಿಭಾಗದಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮುಗಿಸಿದವರು. ಅವರಲ್ಲಿಯೂ ಎಲ್ಲರೂ ಇದನ್ನು ಮಾಡುವುದಿಲ್ಲ. ಕಲ್ಲು ಮತ್ತು ಪ್ರಾಸ್ಟೇಟ್ ಚಿಕಿತ್ಸೆಯಲ್ಲೇ ದಿನ ಕಳೆಯುವವರು ಬಹಳ. ನೂರು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ 'ಇಲ್ಲಿ ಇಲ್ಲ' ಎನ್ನಿಸಿಕೊಳ್ಳುವ ಬದಲು ದೂರವಾಣಿಯಲ್ಲಿ ಮೊದಲೇ ಕೇಳಿಬಿಡಿ: ನಿಮ್ಮಲ್ಲಿ ಆಂಡ್ರಾಲಜಿ ಸಮಾಲೋಚನೆ ಉಂಟೇ, ಈ ಚುಚ್ಚುಮದ್ದಿನ ಮೊದಲ ಡೋಸನ್ನು ಅಲ್ಲಿಯೇ ಕೊಟ್ಟು ಕಲಿಸುತ್ತೀರಾ, ವೈದ್ಯರಿಗೆ ಕನ್ನಡ ಬರುತ್ತದೆಯೇ? ಮೂರನೆಯದನ್ನು ಕೇಳಲು ನಾಚಬೇಕಾಗಿಲ್ಲ.

ಕಾಸರಗೋಡಿನವರಿಗೆ ಮಂಗಳೂರು, ಅಕ್ಕಲಕೋಟೆಯವರಿಗೆ ಕಲಬುರಗಿ, ಜತ್ತದವರಿಗೆ ವಿಜಯಪುರ, ಆದವಾನಿ ಮತ್ತು ರಾಯದುರ್ಗದವರಿಗೆ ಬಳ್ಳಾರಿ, ತಾಳವಾಡಿಯವರಿಗೆ ಮೈಸೂರು ಕನ್ನಡದಲ್ಲಿ ಮಾತಾಡಬಹುದಾದ ನಗರಗಳು. ಹೊಸೂರು ಹಾಗೂ ಮಡಕಶಿರಾದವರಿಗೆ ಬೆಂಗಳೂರೇ ದೊಡ್ಡಾಸ್ಪತ್ರೆಯ ಊರು. ವಿಕ್ಟೋರಿಯಾ ಆವರಣದಲ್ಲಿರುವ ಸರ್ಕಾರಿ ನೆಫ್ರೋ-ಯೂರಾಲಜಿ ಸಂಸ್ಥೆಯಲ್ಲಿ ವಿಚಾರಿಸುವುದರಿಂದ ಆರಂಭಿಸಬಹುದು. 2020ರ ದೂರವೈದ್ಯ ಮಾರ್ಗಸೂಚಿಯ ಪ್ರಕಾರ ಭಾರತದ ನೋಂದಾಯಿತ ವೈದ್ಯರು ಯಾವ ರಾಜ್ಯದ ರೋಗಿಗೂ ವಿಡಿಯೊ ಮೂಲಕ ಸಲಹೆ ನೀಡಬಹುದು. ರೋಗದ ಕಥೆಯನ್ನು ಹೀಗೆ ಬಾಗಿಲು ಹಾಕಿಕೊಂಡು ಕನ್ನಡದಲ್ಲಿ ಹೇಳಿಕೊಳ್ಳುವುದು ಒಳ್ಳೆಯ ಆರಂಭ. ಆದರೆ ಚುಚ್ಚುಮದ್ದಿನ ಮೊದಲ ಡೋಸನ್ನು ವಿಡಿಯೊದಲ್ಲಿ ಕೊಡಲಾಗದು. ವೈದ್ಯರು ಎದುರಿಗಿದ್ದು ಕೊಟ್ಟು, ನಿಮಿರು ಪೂರ್ತಿ ಇಳಿಯುವವರೆಗೂ ರೋಗಿಯನ್ನು ಅಲ್ಲಿಯೇ ಇರಿಸಿಕೊಳ್ಳಬೇಕು. ಚೀಟಿ ಬರೆದು ಹಾಗೆಯೇ ಕಳುಹಿಸುವವರಿದ್ದರೆ ಆ ಚೀಟಿಯನ್ನು ಬಳಸಬೇಡಿ.

ಈ ಎಚ್ಚರಿಕೆಗೆ ಕಾರಣ ಪ್ರಮಾಣದ ಸೂಕ್ಷ್ಮತೆ. ಅಲ್‌ಪ್ರೊಸ್ಟಡಿಲ್ ಅನ್ನು ಸಾಮಾನ್ಯವಾಗಿ 2.5 ಮೈಕ್ರೋಗ್ರಾಂನಿಂದ, ಬೆನ್ನುಹುರಿಯ ಗಾಯವಿದ್ದವರಲ್ಲಿ 1.25ರಿಂದ ಆರಂಭಿಸುತ್ತಾರೆ, ಬಹುಮಂದಿಗೆ 5ರಿಂದ 20 ಸಾಕು. ಅದೇ ಔಷಧ ಜನ್ಮಜಾತ ಹೃದಯದೋಷದ ನವಜಾತ ಶಿಶುಗಳ ಚಿಕಿತ್ಸೆಗೂ ಬೇಕು. ಅದಕ್ಕಾಗಿ ಬರುವ ಆಂಪೂಲಿನಲ್ಲಿ ಒಂದು ಮಿಲಿಲೀಟರಿಗೆ 500 ಮೈಕ್ರೋಗ್ರಾಂ ಇರುತ್ತದೆ. ಹೆಸರು ಒಂದೇ, ಬಲ ಎಷ್ಟೋ ಪಟ್ಟು ಹೆಚ್ಚು. ಅಂಗಡಿಯಿಂದ ಅದನ್ನು ತಂದು ಮನೆಯಲ್ಲಿ ಅಂದಾಜಿನ ಮೇಲೆ ಬೆರೆಸಿಕೊಂಡರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. 'ದಿನಕ್ಕೆ ಒಂದೇ ಸಲ, ವಾರಕ್ಕೆ ಮೂರಕ್ಕಿಂತ ಹೆಚ್ಚಿಲ್ಲ, ಒಮ್ಮೆ ಎಡಕ್ಕೆ ಇನ್ನೊಮ್ಮೆ ಬಲಕ್ಕೆ, ರಕ್ತ ತೆಳುಗೊಳಿಸುವ ಮಾತ್ರೆ ಇದ್ದರೆ ಐದು ನಿಮಿಷ ಒತ್ತಿ ಹಿಡಿಯಿರಿ' ಎಂಬ ಸೂಚನೆಗಳನ್ನು ರೋಗಿ ತನ್ನ ನುಡಿಯಲ್ಲಿ ಕೇಳಿ, ತನ್ನ ನುಡಿಯಲ್ಲಿ ತಿರುಗಿ ಒಪ್ಪಿಸಬೇಕು. ತರ್ಜುಮೆ ಮಾಡುವ ಮಗ ಮುಜುಗರದಿಂದ ಎರಡು ವಾಕ್ಯ ನುಂಗಿದರೂ ಅಪಾಯವೇ. ಕನ್ನಡ ಬಲ್ಲ ವೈದ್ಯರನ್ನು ಹುಡುಕಿ ಎಂದು ನಾವು ಒತ್ತಿ ಹೇಳುವುದು ಭಾಷಾಭಿಮಾನಕ್ಕಾಗಿ ಮಾತ್ರವಲ್ಲ.

ವಯನಾಡು ಮತ್ತು ನೀಲಗಿರಿಯ ಓದುಗರಿಗೆ ಮತ್ತೊಂದು ಮಾತು. ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ಭಾರತದಲ್ಲಿ ಮೊದಲು ಗುರುತಾದದ್ದೇ ನೀಲಗಿರಿ ಬೆಟ್ಟದ ಬುಡಕಟ್ಟು ಜನರಲ್ಲಿ, 1952ರಲ್ಲಿ. ವಯನಾಡಿನ ಬುಡಕಟ್ಟುಗಳಲ್ಲಿ ಮತ್ತು ಚೆಟ್ಟಿ ಸಮುದಾಯದಲ್ಲಿಯೂ ಅದು ಕಂಡುಬರುತ್ತದೆ. ಈ ರೋಗವಿರುವವರಿಗೂ, ರೋಗವಿಲ್ಲದೆ ಅದರ ವಂಶವಾಹಿಯನ್ನು ಮಾತ್ರ ಹೊತ್ತವರಿಗೂ ಈ ಚುಚ್ಚುಮದ್ದು ನಿಷಿದ್ಧ. ಬಾಗಿದ ರಕ್ತಕಣಗಳು ಅಂಗದೊಳಗೆ ಸಿಲುಕಿ ನಿಮಿರು ಇಳಿಯದೇ ಹೋಗಬಹುದು. ರಕ್ತದ ಕ್ಯಾನ್ಸರ್ ಮತ್ತು ಮಲ್ಟಿಪಲ್ ಮೈಲೋಮಾ ಇದ್ದವರಿಗೂ ಕೂಡದು. ಮಂಗಳೂರಿನ ಅಥವಾ ಬೆಂಗಳೂರಿನ ವೈದ್ಯರು ತಾವಾಗಿ ಸಿಕಲ್ ಸೆಲ್ ಪ್ರಶ್ನೆ ಕೇಳದಿರಬಹುದು. ಕುಟುಂಬದಲ್ಲಿ ಯಾರಿಗಾದರೂ ಇದ್ದರೆ, ಪರೀಕ್ಷೆಯೇ ಆಗಿಲ್ಲದಿದ್ದರೂ, ನೀವಾಗಿಯೇ ಹೇಳಿ.

ನಾಲ್ಕು ಗಂಟೆ ಕಳೆದರೂ ನಿಮಿರು ಇಳಿಯದಿದ್ದರೆ ಅದು ತುರ್ತುಸ್ಥಿತಿ. ಬೆಳಗಾಗಲಿ ಎಂದು ಕಾದರೆ ಅಂಗಾಂಶ ಸತ್ತು ದೌರ್ಬಲ್ಯ ಶಾಶ್ವತವಾಗಬಹುದು. ಆಸ್ಪತ್ರೆಯಲ್ಲಿ ಕಟ್ಟಿಕೊಂಡ ರಕ್ತವನ್ನು ಸೂಜಿಯಿಂದ ಹೊರತೆಗೆದು, ಬೇಕಾದರೆ ಫೀನೈಲೆಫ್ರಿನ್ ಎಂಬ ಪ್ರತಿಮದ್ದು ಕೊಡುತ್ತಾರೆ. ಇಲ್ಲಿಯೇ ಗಡಿಯ ಲೆಕ್ಕ ಬೇರೆಯಾಗುತ್ತದೆ. ಬಂಡೀಪುರದ ಹಾದಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಆದುದರಿಂದ ಮೈಸೂರಿನಲ್ಲಿ ಚುಚ್ಚುಮದ್ದು ಕಲಿತುಬಂದ ಬತ್ತೇರಿಯವರು ಆಪತ್ತಿನ ರಾತ್ರಿಗೆ ಮೈಸೂರನ್ನು ನೆಚ್ಚಬಾರದು. ತಮ್ಮ ಮಗ್ಗುಲಲ್ಲಿ ಇದನ್ನು ನಿಭಾಯಿಸಬಲ್ಲ ಆಸ್ಪತ್ರೆ ಯಾವುದೆಂದು ಮೊದಲ ಡೋಸಿಗೆ ಮುನ್ನವೇ ವೈದ್ಯರಲ್ಲಿ ಕೇಳಿ ತಿಳಿದಿರಬೇಕು. ಅಲ್ಲಿನ ಕರ್ತವ್ಯನಿರತ ವೈದ್ಯರಿಗೆ ಕನ್ನಡ ತಿಳಿಯದಿರಬಹುದು. ಔಷಧದ ಹೆಸರು, ಪ್ರಮಾಣ, ನಾಲ್ಕು ಗಂಟೆಯ ಎಚ್ಚರಿಕೆ ಮತ್ತು ತಮ್ಮ ದೂರವಾಣಿ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿಯನ್ನು ತಜ್ಞರಿಂದಲೇ ಪಡೆದು, ಚುಚ್ಚಿಕೊಂಡ ಹೊತ್ತನ್ನು ಪ್ರತಿ ಸಲವೂ ಅದರ ಹಿಂಬದಿಯಲ್ಲಿ ಗುರುತು ಹಾಕಿ ಜೇಬಿನಲ್ಲಿಟ್ಟುಕೊಂಡಿರಿ.