ನಮ್ಮ ಮಂಜು ಎಲ್ಲರಿಗೂ ಗೊತ್ತು, ನಮ್ಮ ಮಾತು?

ಕೊಡಗಿನ ಮಂಜನ್ನು ತೆರೆಯ ಮೇಲೆ ನೋಡದ ಕನ್ನಡ ಪ್ರೇಕ್ಷಕ ಇರಲಿಕ್ಕಿಲ್ಲ. 1971ರ ‘ಶರಪಂಜರ’ದಲ್ಲಿ ಪುಟ್ಟಣ್ಣ ಕಣಗಾಲ್ ಕೊಡಗಿನ ಚೆಲುವನ್ನು ನಾಡಿಗೆಲ್ಲ ತೋರಿಸಿದರು. 1990ರ ‘ಮುತ್ತಿನಹಾರ’ದಲ್ಲಿ ವಿಷ್ಣುವರ್ಧನ್ ಕೊಡಗಿನ ಯೋಧನಾದರು. 2006ರ ಕೊನೆಗೆ ತೆರೆಕಂಡ ‘ಮುಂಗಾರು ಮಳೆ’ಯ ಪ್ರೀತಂ ಮಡಿಕೇರಿಗೆ ಬಂದು ನೆನೆದ. 2008ರ ‘ಗಾಳಿಪಟ’ ನಮ್ಮ ಮಾಂದಲ್‌ಪಟ್ಟಿಯನ್ನು ಮುಗಿಲ್‌ಪೇಟೆ ಮಾಡಿತು. ಇಂದಿಗೂ ಪ್ರವಾಸಿಗರು ಜೀಪಿನವರ ಬಳಿ ಆ ಹೆಸರನ್ನೇ ಹೇಳಿ ದಾರಿ ಕೇಳುತ್ತಾರೆ.

ಇಷ್ಟೆಲ್ಲ ಇದ್ದೂ, ಕೊಡವ ತಕ್ಕ್ ಮಾತಾಡುವ ಒಂದು ಸಿನಿಮಾದ ಹೆಸರು ಹೇಳಿ ಎಂದು ನಾನು ನಮ್ಮ ಕಾಲೇಜಿನ ತರಗತಿಯಲ್ಲಿ ಕೇಳಿದರೆ ಎದ್ದದ್ದು ಎರಡೇ ಕೈ. ನೆನಪಿರಲಿ, ಇದು ಕೊಡಗಿನ ಕಾಲೇಜು.

ಕೊಡವ ಭಾಷೆಯ ಮೊದಲ ಚಿತ್ರ ‘ನಾಡ ಮಣ್ಣ್ ನಾಡ ಕೂಳ್’ ಬಂದದ್ದು 1972ರಲ್ಲಿ. ನಿರ್ದೇಶಕರು ಎಸ್.ಆರ್. ರಾಜನ್. ಹೆಸರಿನ ಅರ್ಥ, ನನ್ನ ಮಣ್ಣು ನನ್ನ ಅನ್ನ. ತುಳುವಿನ ಮೊದಲ ಚಿತ್ರ ‘ಎನ್ನ ತಂಗಡಿ’ ಬಂದದ್ದು ಅದಕ್ಕೆ ಒಂದೇ ವರ್ಷ ಮೊದಲು. ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹೊರಟವರು. 2011ರ ‘ಒರಿಯರ್ದೊರಿ ಅಸಲ್’ ನಂತರ ಕರಾವಳಿಯ ಚಿತ್ರಮಂದಿರಗಳಿಗೆ ತುಳು ಚಿತ್ರ ನೋಡಲು ಜನ ಮುಗಿಬಿದ್ದರು. ನಾವು ಮಾತ್ರ ಅಪರೂಪಕ್ಕೊಂದು ಚಿತ್ರ ಮಾಡಿ, ಕೊಡವ ಸಮಾಜದ ಸಭಾಂಗಣದಲ್ಲಿ ಪರದೆ ಕಟ್ಟಿ ನೋಡಿ, ಊಟ ಮಾಡಿ ಮನೆಗೆ ಬರುತ್ತೇವೆ.

ಇದಕ್ಕೆ ಕಾರಣ ಪ್ರತಿಭೆಯ ಕೊರತೆ ಎನ್ನಲು ನನಗೆ ಮನಸ್ಸಿಲ್ಲ. ವಿರಾಜಪೇಟೆಯ ರಶ್ಮಿಕಾ ಮಂದಣ್ಣ 2016ರ ‘ಕಿರಿಕ್ ಪಾರ್ಟಿ’ಯಿಂದ ಹೊರಟು ತೆಲುಗು, ಹಿಂದಿಯವರೆಗೆ ಹೋದದ್ದು ಎಲ್ಲರಿಗೂ ಗೊತ್ತು. ಅವರಿಗಿಂತ ಮೊದಲು ಪ್ರೇಮಾ ಇದ್ದರು. ತೊಡಕಿರುವುದು ಲೆಕ್ಕದಲ್ಲಿ. 2011ರ ಜನಗಣತಿ ಪ್ರಕಾರ ಕೊಡವ ಮಾತೃಭಾಷೆಯವರು 1,13,857 ಮಂದಿ. ಅವರಲ್ಲಿ ಹತ್ತಕ್ಕೊಬ್ಬರು 150 ರೂಪಾಯಿಯ ಟಿಕೆಟ್ ಕೊಂಡರೂ ಬರುವುದು ಸುಮಾರು 17 ಲಕ್ಷ. ಚಿತ್ರಮಂದಿರದ ಪಾಲು, ತೆರಿಗೆ ಕಳೆದರೆ ಕೈಗೆ ಸಿಗುವುದು ಇನ್ನೂ ಕಡಿಮೆ. ತುಳುವರು 18 ಲಕ್ಷ ದಾಟಿದ್ದಾರೆ. ಅದೇ ಲೆಕ್ಕ ಹಾಕಿದರೆ ಅವರಿಗೆ ಎರಡೂ ಮುಕ್ಕಾಲು ಕೋಟಿ. ಯಾವ ನಿರ್ಮಾಪಕ ಎಲ್ಲಿಗೆ ಹೋಗುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಕೊಡಗು ತೆರೆಯ ಮೇಲೆ ಯಾವಾಗಲೂ ಬೇರೆಯವರ ಕತೆಗೆ ಹಿನ್ನೆಲೆಯಾಗಿಯೇ ಇರಬೇಕೇ? ಕಳೆದ ವರ್ಷ ನಮ್ಮೂರಿಗೊಂದು ಶೂಟಿಂಗ್ ಯೂನಿಟ್ ಬಂದಿತ್ತು. ನಾಲ್ಕು ದಿನ ಅವರ ಜೊತೆ ಕೆಲಸ ಮಾಡಿದೆ. ಜನರೇಟರ್‌ಗೆ ಡೀಸೆಲ್ ತರುವುದು, ಮಳೆ ಬಂದಾಗ ಕ್ಯಾಮೆರಾಕ್ಕೆ ಕೊಡೆ ಹಿಡಿಯುವುದು, ಜಿಗಣೆ ಕಚ್ಚಿದವರಿಗೆ ಉಪ್ಪು ಕೊಡುವುದು. ದಿನಕ್ಕೆ 800 ರೂಪಾಯಿ. ಮೂರನೆಯ ದಿನ ನಮ್ಮ ಐನ್‌ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಕೂತಿರಬೇಕಿತ್ತು. ನಮ್ಮ ತಾಯಿಯನ್ನು ಕರೆದರು (ಕೊಡವ ತಕ್ಕ್‌ನಲ್ಲಿ ತಾಯಿ ಎಂದರೆ ಅಜ್ಜಿ, ಅಮ್ಮನಿಗೆ ಅವ್ವ ಎನ್ನುತ್ತೇವೆ). ಕೊಡವ ಸೀರೆಯ ನೆರಿಗೆ ಹಿಂದಕ್ಕಿರುತ್ತದೆ. ‘ನೋಡುವವರಿಗೆ ಉಲ್ಟಾ ಉಟ್ಟಂತೆ ಕಾಣುತ್ತೆ, ಮುಂದಕ್ಕೆ ಉಡಿಸಿ’ ಅಂದರು. ತಾಯಿ ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದರು. ಯೂನಿಟ್‌ನವರೇ ಬೇರೊಬ್ಬರನ್ನು ಕೂರಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ, ಅವರಿಗೆ ಬೇಕಿದ್ದದ್ದು ಜಗಲಿ. ಆದರೆ ಆ ಜಗಲಿಯ ಕತೆ ಹೇಳಬೇಕಾದವರು ನಾವೇ ಎಂದು ಅಂದು ಅನ್ನಿಸಿತು.

ಚೀನಾದ ನಿರ್ದೇಶಕ ಜಿಯಾ ಝಾಂಗ್‌ಕೆ ಬಗ್ಗೆ ಓದಿದ್ದು ಆಮೇಲೆ. ಅವರು ಫೆನ್‌ಯಾಂಗ್ ಎಂಬ ಸಣ್ಣ ಪಟ್ಟಣದವರು. ಸುತ್ತಲಿನ ಚೀನಾ ದಿನದಿಂದ ದಿನಕ್ಕೆ ಬದಲಾಗುತ್ತಿದ್ದಾಗ, 1997ರಲ್ಲಿ ಸ್ವಂತ ಊರಿನ ಬೀದಿಯಲ್ಲೇ ‘ಶಿಯಾವೊ ವು’ ಎಂಬ ಚಿತ್ರ ತೆಗೆದರು. ಅದರಲ್ಲಿ ವೃತ್ತಿಪರ ನಟರಿರಲಿಲ್ಲ. ಸರ್ಕಾರದ ಒಪ್ಪಿಗೆಯೂ ಇರಲಿಲ್ಲ. ಪಾತ್ರಗಳು ಆಡಿದ್ದು ಅಲ್ಲಿನ ಆಡುಮಾತು. 2006ರ ಹೊತ್ತಿಗೆ, ತ್ರೀ ಗಾರ್ಜಸ್ ಅಣೆಕಟ್ಟಿಗಾಗಿ ಕೆಡವುತ್ತಿದ್ದ ಊರೊಂದರಲ್ಲಿ ತೆಗೆದ ಅವರ ‘ಸ್ಟಿಲ್ ಲೈಫ್’ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪಡೆಯಿತು. ಆ ಊರು ಮುಳುಗುವ ಮುನ್ನ ಹೇಗಿತ್ತು ಎಂಬುದಕ್ಕೆ ಇಂದು ಆ ಚಿತ್ರ ಸಾಕ್ಷಿ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪಕ್ಕದ ದಕ್ಷಿಣ ಕನ್ನಡದ ಬ್ಯಾರಿ ಭಾಷೆಯ ‘ಬ್ಯಾರಿ’ ಚಿತ್ರ 2011ರ ಸಾಲಿನ ಅತ್ಯುತ್ತಮ ಕಥಾಚಿತ್ರ ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಿತು. ಅಸ್ಸಾಮಿನ ರೀಮಾ ದಾಸ್ ತಮ್ಮ ಹಳ್ಳಿಯಲ್ಲೇ, ಕ್ಯಾಮೆರಾ ತಾವೇ ಹಿಡಿದು, ಸಂಕಲನವನ್ನೂ ತಾವೇ ಮಾಡಿ ‘ವಿಲೇಜ್ ರಾಕ್‌ಸ್ಟಾರ್ಸ್’ ತೆಗೆದರು. ಅದಕ್ಕೂ ರಾಷ್ಟ್ರಪ್ರಶಸ್ತಿ ಬಂತು.

ನಮ್ಮಲ್ಲಿ ದಾಖಲಿಸುವುದು ಏನಿದೆ ಎನ್ನುವವರು ಒಮ್ಮೆ ಸುತ್ತ ನೋಡಲಿ. ಬಾಗಿಲು ಹಾಕಿದ ಐನ್‌ಮನೆಗಳಿವೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಪಾಳುಬಿದ್ದ ಗದ್ದೆಗಳಿವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿದ್ದಾರೆ. ತೋಟದಲ್ಲಿ ಈಗ ಅಸ್ಸಾಮಿ ಮಾತೂ ಕೇಳುತ್ತದೆ. ಕೊಡಗು ಎಂದರೆ ಕೊಡವರು ಮಾತ್ರವೂ ಅಲ್ಲ. ಅರೆಭಾಷೆಯವರು, ಯರವರು, ಕುರುಬರು ಎಲ್ಲರಿಗೂ ಅವರವರ ಕತೆಗಳಿವೆ. ಕೊಡವ ಭಾಷೆ ಯುನೆಸ್ಕೋದ ಅಪಾಯದಂಚಿನ ಭಾಷೆಗಳ ಪಟ್ಟಿಯಲ್ಲಿದೆ. ತಾಯಿ ಆಡುವ ಎಷ್ಟೋ ಪದ ನನ್ನ ತಂಗಿಗೆ ಅರ್ಥವಾಗುವುದಿಲ್ಲ.

ಇದರಲ್ಲಿ ಹೊಟ್ಟೆಪಾಡು ಇದೆಯೇ ಎಂದು ಕೆಲಸ ಹುಡುಕುತ್ತಿರುವ ನೀವು ಕೇಳಬಹುದು. ಕೊಡವ ಚಿತ್ರದಿಂದಲೇ ಬದುಕು ಸಾಗುತ್ತದೆಂದು ನಾನು ಹೇಳಲಾರೆ, ಮೇಲಿನ ಲೆಕ್ಕವೇ ಅದನ್ನು ಹೇಳುತ್ತದೆ. ಆದರೆ ಅದರಲ್ಲಿ ಕಲಿತ ಸಂಕಲನ, ಧ್ವನಿಗ್ರಹಣ, ಸಬ್‌ಟೈಟಲ್ ಕೆಲಸಕ್ಕೆ ಎಲ್ಲ ಭಾಷೆಯಲ್ಲೂ ಕೂಲಿಯಿದೆ. ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಶೂಟಿಂಗ್‌ಗೆ ಬರುವವರಿಗೆ ಕೊಡೆ ಹಿಡಿಯುವ ಬದಲು ಮೈಕ್ ಹಿಡಿಯಲು ಕಲಿತರೆ ದಿನಗೂಲಿಯೂ ಬದಲಾಗುತ್ತದೆ.

ನಾವು ಐದು ಮಂದಿ ಗೆಳೆಯರು ಈ ಬಾರಿಯ ಪುತ್ತರಿಗೆ ಹನ್ನೆರಡು ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಸ್ವಂತ ಗದ್ದೆ ಪಾಳುಬಿದ್ದ ಅಜ್ಜನೊಬ್ಬ ಕದಿರು ತೆಗೆಯಲು ಊರಿಡೀ ಗದ್ದೆ ಹುಡುಕುವ ಕತೆ. ಕೊನೆಗೆ ಅವನಿಗೆ ಕದಿರು ಸಿಗುವುದು ಒಬ್ಬ ಯರವ ಹುಡುಗ ಬೆಳೆದ ತುಂಡು ಗದ್ದೆಯಲ್ಲಿ. ಅಜ್ಜ ಕೊಡವ ತಕ್ಕ್ ಆಡುತ್ತಾನೆ, ಹುಡುಗ ಯರವ ಭಾಷೆ, ಕೆಳಗೆ ಕನ್ನಡ ಸಬ್‌ಟೈಟಲ್. ಕ್ಯಾಮೆರಾ ಎರಡು ಫೋನ್. ಮೈಕ್ ಒಂದನ್ನು ಬಾಡಿಗೆಗೆ ತರಬೇಕು. ಯರವ ಸಂಭಾಷಣೆ ಬರೆಯುತ್ತಿರುವುದು ನಮ್ಮ ತಂಡದಲ್ಲೇ ಇರುವ ಯರವ ಗೆಳೆಯ. ಕೊಡವ ಸಂಭಾಷಣೆ ತಿದ್ದುವ ಕೆಲಸ ತಾಯಿಯದು. ಮೊದಲ ಪುಟದಲ್ಲೇ ಅವರು ಹನ್ನೊಂದು ಪದ ಹೊಡೆದುಹಾಕಿ, ‘ಇದೆಲ್ಲ ಕನ್ನಡ’ ಎಂದಿದ್ದಾರೆ.